ಟವೆಲ್ಲಿನ ಕೆಳಗಿನ ಮಾತು

ದ್ಯಾವಪ್ಪ ಮಾವನ ಹೆಗಲ ಮೇಲಿನ ಟವೆಲ್ಲಿಗೆ ಯಾವಾಗಲೂ ಕುರಿಯ ವಾಸನೆ. ಎಷ್ಟು ಒಗೆದರೂ ಹೋಗುವುದಿಲ್ಲ ಎಂದು ಅವರ ಮನೆಯವರು ಹೇಳುತ್ತಿದ್ದರು. ಒಗೆಯಲು ಮಾವ ಕೊಟ್ಟರೆ ತಾನೆ ಎಂದು ನನ್ನ ಅನುಮಾನ. ಕುರಿಸಂತೆಯಲ್ಲಿ ಅವರು ದಲ್ಲಾಳಿ. ಟವೆಲ್ಲಿನ ಕೆಳಗೆ ಕೈಹಿಡಿದು, ಬೆರಳು ಅದುಮಿಯೇ ಬೆಲೆ ಕುದುರಿಸುತ್ತಿದ್ದರು. ಸುತ್ತ ನಿಂತವರಿಗೆ ಕಾಣುವುದು ಮೀಸೆಯಡಿಯ ನಗು ಮಾತ್ರ. ಒಳಗೆ ಕುದುರಿದ್ದನ್ನು ಯಾರು ಕೇಳಿದರೂ ಬಾಯಿ ಬಿಟ್ಟವರಲ್ಲ.

ಅವರು ತಂಬ್ರಹಳ್ಳಿಯವರು, ನನ್ನ ಹೆಂಡತಿ ರೇಣುಕಳ ತವರಿನ ಓಣಿಯವರು. ಹಾಗಾಗಿ ನನಗೆ ಮಾವ. ನನ್ನ ಮದುವೆಯಲ್ಲಿ ಪಂಕ್ತಿಯ ಮುಂದೆ ನಿಂತು, ಬೇಡವೆಂದರೂ ಕೇಳದೆ ಹೋಳಿಗೆಯ ಮೇಲೆ ತುಪ್ಪ ಸುರಿದವರು.

ನನ್ನದು ಹಗರಿಬೊಮ್ಮನಹಳ್ಳಿಯಲ್ಲಿ ಪಂಚರ್ ಅಂಗಡಿ. ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಗಂಟಲಿಗೆ ಒಂದಿಷ್ಟು ಬೀಳಲೇಬೇಕು ಎಂಬಲ್ಲಿಗೆ ನನ್ನ ಕುಡಿತ ಬಂದಾಗ ರೇಣುಕ ತವರಿಗೆ ಹೊರಟಳು. "ಕುಡಿಯೋದು ಬಿಟ್ಟ ಮ್ಯಾಲೆ ಬರ್ರಿ. ಅಲ್ಲೀತನಕ ನಿಮ್ಮ ಮಾರಿ ನೋಡಂಗಿಲ್ಲ" ಅಂದಳು. ಅವಳು ಆಡಿದರೆ ಮುಗಿಯಿತು, ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ.

ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ವಾರಕ್ಕೊಮ್ಮೆ ಸೇರಿ ಮಾತಾಡುವ ಸಭೆಯ ವಿಷಯ ಹೇಳಿದವರು ಒಬ್ಬ ಡಾಕ್ಟರು. ನಮ್ಮೂರಿನಲ್ಲೂ ಇದೆ, ಕೊಟ್ಟೂರಿನಲ್ಲೂ ಇದೆ ಎಂದರು. ನಮ್ಮೂರಿನಲ್ಲಿ ಯಾರಾದರೂ ನೋಡಿಬಿಟ್ಟರೆ? ಬಸ್ ಸ್ಟ್ಯಾಂಡಿನಲ್ಲಿ ಬಿದ್ದುಕೊಂಡಾಗ ಬಾರದ ನಾಚಿಕೆ ಬಿಡಲು ಹೊರಟಾಗ ಬಂತು. ಕೊಟ್ಟೂರಿನ ಬಸ್ಸು ಹತ್ತಿದೆ.

ಒಂದು ಶಾಲೆಯ ಕೋಣೆಯಲ್ಲಿ, ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಚಿಕೊಂಡು ದೊಡ್ಡವರು ಕುಳಿತಿದ್ದರು. ಬರೀ ಹೆಸರು ಹೇಳಿದರೆ ಸಾಕು ಎಂದರು. ಶಿವಪ್ಪನಾದ ನಾನು ತಲೆ ತಗ್ಗಿಸಿ "ಮಂಜುನಾಥ" ಅಂದೆ. ತಲೆ ಎತ್ತಿದರೆ ಎದುರಿಗೇ ದ್ಯಾವಪ್ಪ ಮಾವ.

ಎದ್ದು ಓಡಬೇಕೆನಿಸಿತು. ಅವರು ಮಾತ್ರ ನನ್ನನ್ನು ಹುಟ್ಟಿದಾಗಿನಿಂದ ಕಂಡೇ ಇಲ್ಲದವರಂತೆ, "ಬರ್ರಿ ಮಂಜುನಾಥ್ರ, ಕುಂದರ್ರಿ. ಮೊದ್ಲು ಮಿರ್ಚಿ ಭಜಿ ತಿನ್ರಿ, ಬಿಸಿ ಅದಾವು" ಎಂದು ತಟ್ಟೆ ತಳ್ಳಿದರು. ಅವರೂ ಒಂದು ಕಾಲದಲ್ಲಿ ನನ್ನಂಥವರೇ ಎಂದು ಗೊತ್ತಾದದ್ದು ಅಲ್ಲಿಯೇ. ವಾರ ವಾರ ಕೊಟ್ಟೂರಿಗೆ ಹೋಗುವ ಅವರನ್ನು ಓಣಿಯವರು ಅಲ್ಲಿನ ದೇವರ ಮಹಾಭಕ್ತರೆಂದು ತಿಳಿದಿದ್ದರು.

"ಕೊಟ್ಟೂರಿನವ್ರು ಹಗರಿಬೊಮ್ಮನಹಳ್ಳಿ ಸಭಾಕ್ಕ ಹೋಗ್ತಾರ, ಅಲ್ಲಿಯವ್ರು ಇಲ್ಲಿಗಿ ಬರ್ತಾರ" ಎಂದು ಅವರು ನಗುತ್ತಿದ್ದರು. "ನಮ್ಮ ನಾಚಿಕಿಯಿಂದ ಉದ್ಧಾರ ಆಗಿದ್ದು ಬಸ್ಸು ಒಂದ."

ಹೊಸಬರಿಗೆ ನಾಲಿಗೆ ಏಳುವುದಿಲ್ಲ. ಅಂಥವರ ಕೈ ಮೇಲೆ ಮಾವ ಟವೆಲ್ ಹಾಕುತ್ತಿದ್ದರು. "ಮಾತು ಬ್ಯಾಡ. ಇವತ್ತು ಕುಡಿದಿದ್ರ ಮುಷ್ಟಿ ಹಿಡಿ. ಇಲ್ಲಂದ್ರ ನನ್ನ ಒಂದು ಬೆರಳು ಹಿಡಿ. ನಾಳಿಂದು ನಾಳಿಗಿ." ಮೊದಲ ವಾರ ನಾನು ಅವರ ಮುಷ್ಟಿಯನ್ನೇ ಹಿಡಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ಮತ್ತೊಂದು ಮಿರ್ಚಿ ಕೊಟ್ಟರು. ಆ ಕೋಣೆಯಲ್ಲಿ ನಕ್ಕಷ್ಟು ನಾನು ಯಾವ ಸಾರಾಯಿ ಅಂಗಡಿಯಲ್ಲೂ ನಕ್ಕಿರಲಿಲ್ಲ. ಮೂರು ಸಂಕ್ರಾಂತಿಗೊಮ್ಮೆ ತುಟಿ ಬಿಚ್ಚುವ ಹಡಗಲಿಯಿಂದ ಬರುತ್ತಿದ್ದ ಮೇಷ್ಟ್ರೊಬ್ಬರು ಕೂಡ ಅಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಮುಷ್ಟಿ ಬಿಟ್ಟು ಬೆರಳು ಹಿಡಿಯುವುದು ರೂಢಿಯಾದ ಮೇಲೆ ಒಂದು ದಿನ ಅವರನ್ನು ಬಸ್ ಸ್ಟ್ಯಾಂಡಿನಲ್ಲಿ ತಡೆದು ಅಂಗಲಾಚಿದೆ. "ಮಾವ, ದಿನಾ ಆಕಿ ಮನಿ ಮುಂದ ಹಾದು ಹೋಗ್ತೀರಿ. ನಾ ಬಿಟ್ಟೀನಂತ ಒಂದು ಮಾತು ಹೇಳ್ರಿ. ನಿಮ್ಮ ಮಾತು ನಂಬ್ತಾಳ."

"ಬಿಟ್ಟಾಂವ ಯಾರು? ಮಂಜುನಾಥ. ಅವನ ಹೆಂಡ್ತಿ ಯಾವೂರಾಕಿ ಅಂತ ನನಗೇನು ಗೊತ್ತು?"

"ಮಾವ..."

"ಟವೆಲ್ ಕೆಳಗಿಂದು ಹೊರಗ ಹೇಳಿದ್ರ ನಾನು ದಲ್ಲಾಳಿ ಅಲ್ಲಲೇ. ನಿನ್ನ ಮನಿ ಬಾಗ್ಲ ನೀನ ಬಡಿ."

ಸಿಟ್ಟು ಬಂತು. ಆದರೆ ಮುಂದಿನ ವಾರ ಎದ್ದು ನಿಂತು ನನ್ನ ಹೆಸರು ಶಿವಪ್ಪ ಅಂದೆ. ಎಲ್ಲರಿಗಿಂತ ಜೋರಾಗಿ ಬೆರಗಾದವರು ದ್ಯಾವಪ್ಪ ಮಾವ. ಅದೇ ಸಂಜೆ ತಂಬ್ರಹಳ್ಳಿಯ ಬಾಗಿಲು ಬಡಿದೆ. ರೇಣುಕ ಹತ್ತಿರ ಬಂದು ಮೂಸಿ ನೋಡಿ, ರೊಟ್ಟಿ ಕೊಟ್ಟು, "ನಾಳೀನೂ ಬಂದು ತೋರ್ಸಿ ಹೋಗ್ರಿ" ಅಂದಳು. ಅಂಗಡಿ ಮುಚ್ಚಿ ದಿನವೂ ಹೋದೆ. ಕೊನೆಗೆ ಒಂದು ದಿನ ಅವಳೇ ಚೀಲ ಹಿಡಿದು ನನ್ನ ಬೈಕಿನ ಹಿಂದೆ ಕೂತಳು. ನನಗೆ ಗಾಡಿ ಸ್ಟಾರ್ಟ್ ಮಾಡುವುದೇ ಮರೆತುಹೋಯಿತು. ಸಭೆಯ ಮಾತು, ಮುಷ್ಟಿ-ಬೆರಳಿನ ಲೆಕ್ಕ ಎಲ್ಲ ಅವಳಿಗೆ ಹೇಳಿದೆ, ಅಲ್ಲಿ ಯಾರಿದ್ದರು ಎಂದು ಹೇಳಲಿಲ್ಲ.

ಕಳೆದ ವರ್ಷ ಮಾವನಿಗೆ ಲಕ್ವ ಹೊಡೆದು ಮಾತು ನಿಂತಿತು. ನಾವಿಬ್ಬರೂ ನೋಡಲು ಹೋದೆವು. ಜೀವನವಿಡೀ ಬಾಯಿಲ್ಲದೆ ವ್ಯಾಪಾರ ಮಾಡಿದವರಿಗೆ ಮಾತು ಹೋಗಿ ನಷ್ಟವೇನೂ ಆದಂತೆ ಕಾಣಲಿಲ್ಲ. ಟವೆಲ್ ಎಳೆದು ನನ್ನ ಕೈ ಮೇಲೆ ಹಾಕಿದರು. ನಾನು ಅವರ ಒಂದು ಬೆರಳು ಹಿಡಿದೆ. ಮೀಸೆ ನಕ್ಕಿತು. ಆಮೇಲೆ ರೇಣುಕಳ ಕೈಯನ್ನೂ ಟವೆಲ್ಲಿನ ಕೆಳಗೆ ಎಳೆದುಕೊಂಡು, ಕಣ್ಣಿನಲ್ಲೇ ನನ್ನ ಕಡೆ ತೋರಿಸಿ, ಬಹಳ ಹೊತ್ತು ಹಿಡಿದುಕೊಂಡರು. ಅವಳ ಕಣ್ಣು ತುಂಬಿತು. ಅದೇ ಕೊನೆಯ ಭೇಟಿ, ಆ ವಾರವೇ ಅವರು ಹೋದರು.

ಅಂದು ಮರಳುವಾಗ ಬಸ್ಸಿನಲ್ಲಿ, "ಮಾವ ಏನಂದ್ರು?" ಎಂದು ಕೇಳಿದೆ.

"ದಲ್ಲಾಳಿ ಮಾತು ಹೊರಗ ಹೇಳಬಾರದು" ಅಂದಳು. ಕಿಟಕಿಯ ಕಡೆ ಮುಖ ತಿರುಗಿಸಿ, ಸೆರಗನ್ನು ನನ್ನ ಕೈ ಮೇಲೆ ಎಳೆದು, ಅದರ ಕೆಳಗೆ ನನ್ನ ಒಂದೇ ಒಂದು ಬೆರಳು ಹಿಡಿದಳು.