ಕ್ಯಾಪ್ಟನ್ ಬೆಂಚಿನಲ್ಲಿ ಕೂತ ಸಂಜೆ

ಅಕ್ಕ ತಂಗಿ ಸೇರಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದರು. ಅಕ್ಕ ಕೂದಲು ಕತ್ತರಿಸುವವಳು, ತಂಗಿ ಬಣ್ಣ ಹಚ್ಚುವವಳು. ಸಂಜೆ ಬಾಗಿಲು ಹಾಕಿದ ಮೇಲೆ ಅಕ್ಕ ಊರಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್, ತಂಗಿ ಕೋಚ್. ಕೋಚ್ ಆಗಲು ತಂಗಿಗಿದ್ದ ಅರ್ಹತೆ ಒಂದೇ: ಆಯ್ಕೆಯ ಸಭೆಗೆ ಅವಳು ಹೋಗಿರಲಿಲ್ಲ.

ಆ ವರ್ಷ ತಂಡ ಮನಸ್ಸಿಟ್ಟು ಸೋತಿತು. ತಮ್ಮೂರಲ್ಲೂ ಸೋತರು, ಪರವೂರಿಗೆ ಹೋಗಿಯೂ ಸೋತುಬಂದರು. ಗೆದ್ದದ್ದು ಒಂದೇ ಪಂದ್ಯ, ಅದೂ ಎದುರು ತಂಡದ ವ್ಯಾನು ದಾರಿಯಲ್ಲಿ ಕೆಟ್ಟು ನಿಂತದ್ದರಿಂದ. "ನಮ್ಮ ಹೆಸರು ಕೇಳಿದ್ದೇ ವ್ಯಾನು ನಿಂತುಬಿಡ್ತು" ಎಂದು ಅಕ್ಕ ಊರೆಲ್ಲ ಹೇಳಿಕೊಂಡು ತಿರುಗಿದಳು.

ಒಂದು ಕಾಲದಲ್ಲಿ ಅವಳು ರಿಂಗಿನ ಕೆಳಗೆ ನಿಂತರೆ ಚೆಂಡು ಬೇರೆಯವರ ಕೈಗೆ ಸಿಗುತ್ತಿರಲಿಲ್ಲ. ಈಗ ಅವಳು ಅಲ್ಲಿಗೆ ತಲುಪುವಷ್ಟರಲ್ಲಿ ಚೆಂಡು ಆ ತುದಿಗೆ ಹೋಗಿ ವಾಪಸ್ಸು ಬಂದಿರುತ್ತಿತ್ತು. ಓಡಿದರೆ ಮಂಡಿ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಪಾರ್ಲರಿನಲ್ಲಿ ಇದನ್ನು ಎತ್ತಿ ಆಡುವ ಧೈರ್ಯ ಯಾರಿಗೂ ಇರಲಿಲ್ಲ. ಕತ್ತರಿ ಅಕ್ಕನ ಕೈಯಲ್ಲಿತ್ತು. ಬ್ಯಾಂಕಿನವಳೊಬ್ಬಳು "ಈ ಸಲಾನೂ ಅಷ್ಟೇನಾ?" ಎಂದು ಕೇಳಿದ್ದಕ್ಕೆ, ಒಂದು ಹುಬ್ಬು ಸಪೂರ ಇನ್ನೊಂದು ದಪ್ಪ ಮಾಡಿಸಿಕೊಂಡು ಹೋಗಿದ್ದಳು.

ತಂಡದ ಬೆಂಚಿನಲ್ಲಿ ಇಬ್ಬರು ಹುಡುಗಿಯರು ವರ್ಷವಿಡೀ ನೀರಿನ ಬಾಟಲಿ ಕಾಯುತ್ತ ಕೂತಿದ್ದರು. ಉದ್ದನೆಯವಳಿಗೆ ಏಣಿ, ಪುಟ್ಟವಳಿಗೆ ಗುಂಡುಪಿನ್ನು ಎಂದು ಹೆಸರು ಬಿದ್ದಿತ್ತು. ಕೊನೆಯ ಪಂದ್ಯದ ಬೆಳಿಗ್ಗೆ ತಂಗಿ, ಒಬ್ಬ ಗಿರಾಕಿಯ ತಲೆಗೆ ಬಣ್ಣ ಹಚ್ಚುತ್ತಲೇ, ಕನ್ನಡಿಯಲ್ಲಿ ಅಕ್ಕನನ್ನು ನೋಡಿ ಬಾಯಿ ಬಿಟ್ಟಳು.

"ಅಕ್ಕಾ, ಇವತ್ತು ನೀನು ಕೂತಿರು. ಹುಡುಗೀರು ಆಡ್ಲಿ."

"ಯಾಕೆ, ನನಗೇನಾಗಿದೆ?"

"ಮಂಡಿ ಆಗಿದೆ."

"ನಿನಗೆ ಚೆಂಡು ಹಿಡಿಯೋದು ಕಲಿಸಿದ್ದು ಯಾರೇ?"

"ನೀನೇ. ಅದಕ್ಕೇ ಮುಖ ನೋಡೋಕಾಗದೆ ಕನ್ನಡೀಲಿ ಹೇಳ್ತಿದೀನಿ."

ಸಂಜೆ ಅಕ್ಕ ಕೋರ್ಟಿಗೆ ಬಂದು, ತಲೆ ಮೇಲೆ ಟವೆಲ್ಲು ಹೊದ್ದುಕೊಂಡು, ಸಾವಿನ ಮನೆಗೆ ಬಂದವಳ ಹಾಗೆ ಬೆಂಚಿನ ತುದಿಯಲ್ಲಿ ಕೂತಳು.

ಮೊದಲ ಪಾಸು ಏಣಿಯ ಮೂಗಿಗೆ ಬಡಿಯಿತು. ಎರಡನೆಯದನ್ನು ಅವಳು ಹಿಡಿದಳು, ಮೈಮೇಲೆ ಬಂದವಳಂತೆ ಓಡಿದಳು, ಮುಗಿಲಿಗೆ ಜಿಗಿದು ಚೆಂಡನ್ನು ಚೆಂದವಾಗಿ ರಿಂಗಿನೊಳಗೆ ಇಳಿಸಿದಳು. ತನ್ನದೇ ತಂಡ ಕಾಯಬೇಕಾದ ರಿಂಗಿನೊಳಗೆ. ಎದುರು ತಂಡದವರು ಚಪ್ಪಾಳೆ ತಟ್ಟಿದರು. ಏಣಿ ಸಂತೋಷದಿಂದ ಕೈ ಬೀಸಿದಳು.

ಟವೆಲ್ಲಿನೊಳಗಿಂದ ಬಿಕ್ಕಿದಂಥ ಸದ್ದು. ತಂಗಿ ಗಾಬರಿಯಾಗಿ ಎತ್ತಿ ನೋಡಿದರೆ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾಳೆ.

"ಜಿಗಿದದ್ದು ನೋಡಿದ್ಯೇನೇ? ನಾನು ಹರೆಯದಲ್ಲೂ ಅಷ್ಟು ಜಿಗಿದಿಲ್ಲ. ಇವಳಿಗೆ ದಿಕ್ಕು ಒಂದು ಹೇಳಿಕೊಟ್ರೆ ಸಾಕು."

ಆಮೇಲೆ ಅಕ್ಕ ಕೂರಲಿಲ್ಲ. "ಆ ಕಡೆ ಕಣೇ, ಆ ಕಡೆ" ಎಂದು ಗಂಟಲು ಹರಿದುಕೊಂಡಳು. ಗುಂಡುಪಿನ್ನು ದೊಡ್ಡವರ ಕಾಲಸಂದಿಯಲ್ಲೇ ನುಸುಳಿ ಚೆಂಡು ಕದ್ದು ಏಣಿಗೆ ಕೊಟ್ಟಳು, ಏಣಿ ಸರಿಯಾದ ಕಡೆಗೇ ಹಾಕಿದಳು. ಆದರೂ ಸೋತರು. ಆದರೆ ಕೂದಲೆಳೆಯಲ್ಲಿ, ಮಾನದಿಂದ.

ಮರುವಾರ ಅಕ್ಕ ಇಬ್ಬರನ್ನೂ ಕೋರ್ಟಿಗೆ ಕರೆಸಿದಳು. "ಕ್ಯಾಪ್ಟನ್ ಪಟ್ಟ ಬಿಟ್ಟುಕೊಡ್ತೀರಾ ಅಕ್ಕಾ?" ಎಂದಳು ಗುಂಡುಪಿನ್ನು.

"ಪಟ್ಟ ನಂದೇ. ಆಟ ತಗೊಳ್ಳಿ."

ಹೇಳಿದವಳು ರಿಂಗಿನ ಕೆಳಗೆ ಜಿಗಿಯುವುದು ಹೇಗೆಂದು ತೋರಿಸಲು ಹೋಗಿ ನೆಲಕ್ಕೆ ಕುಕ್ಕರಿಸಿದಳು. ಏಣಿ ಗಂಭೀರವಾಗಿ ಬಗ್ಗಿ ನೋಡಿದಳು.

"ಸರಿಯಾಗಿ ಗೊತ್ತಾಗ್ಲಿಲ್ಲ ಅಕ್ಕಾ. ಇನ್ನೊಂದ್ ಸಲ ತೋರಿಸ್ತೀರಾ?"

"ಮೊದ್ಲು ಎತ್ರೇ" ಎಂದು ಅಕ್ಕ ಕೈ ಚಾಚಿದಳು.