ಕಡೆ ಹಾಲು

ನನ್ನ ತಂಗಿ ಸುಮಲತಳನ್ನು ಊರಿನಲ್ಲಿ ಹೆಸರು ಹಿಡಿದು ಕರೆಯುವವರು ಕಡಿಮೆ. ಬೆನ್ನ ಹಿಂದೆ ‘ಡುಮ್ಮಿ’, ಎದುರಿಗೆ ‘ಕುಂಭಕರ್ಣನ ತಂಗಿ’. ಆ ಲೆಕ್ಕದಲ್ಲಿ ಕುಂಭಕರ್ಣ ನಾನೇ ಆಗಬೇಕು. ಆದರೆ ನಾನು ತೆಳ್ಳಗಿದ್ದೇನೆ, ಗಂಡನ ಮನೆಯಲ್ಲಿದ್ದೇನೆ, ನನ್ನ ತಂಟೆಗೆ ಯಾರೂ ಬರುವುದಿಲ್ಲ.

ನಮ್ಮದು ಬೇತಮಂಗಲದ ಪಕ್ಕದ ಹಳ್ಳಿ. ಅಪ್ಪ ಕದಿರಪ್ಪ, ಅಮ್ಮ ಆದಿಲಕ್ಷ್ಮಮ್ಮ, ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು. ಬೆಳಿಗ್ಗೆ ಸಂಜೆ ಹಾಲು ಡೈರಿಗೆ ಹೋಗಬೇಕು. ನಮ್ಮ ಕಡೆ ಮನೆಯ ಮರ್ಯಾದೆ ಹಾಲಿನ ಫ್ಯಾಟಿನಲ್ಲಿರುತ್ತದೆ. ಮಗಳು ಫೇಲಾದರೆ ಒಂದು ದಿನ ಆಡಿಕೊಳ್ಳುತ್ತಾರೆ, ಹಾಲು ಫೇಲಾದರೆ ತಿಂಗಳುಗಟ್ಟಲೆ ಆಡಿಕೊಳ್ಳುತ್ತಾರೆ.

ಸುಮಲತ ಹತ್ತನೇ ಕ್ಲಾಸಿಗೆ ಬಂದ ವರ್ಷ ಎರಡು ವಾರ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ನಿದ್ದೆ ಹಿಡಿಯಿತು. ಕ್ಲಾಸಿನಲ್ಲಿ ನಿದ್ದೆ, ಬಸ್ಸಿನಲ್ಲಿ ನಿದ್ದೆ, ಒಂದು ದಿನ ಸಾರಿನ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ನಿದ್ದೆ. ಅದರ ಜೊತೆಗೆ ಮೈಯೂ ಬಂತು, ಎಂಟು ತಿಂಗಳಿಗೆ ಹದಿನೈದು ಕೆ.ಜಿ. ಯೂನಿಫಾರ್ಮಿನ ಹೊಲಿಗೆ ಎರಡು ಸಲ ಬಿಚ್ಚಿದೆವು. ಮೂರನೇ ಸಲ ಬಿಚ್ಚುವುದಕ್ಕೆ ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಇನ್ನೊಂದು ವಿಚಿತ್ರವೂ ಇತ್ತು. ಜೋರಾಗಿ ನಕ್ಕರೆ ಅವಳ ಮಂಡಿ ಕುಸಿದು, ನೆಲಕ್ಕೆ ಬಿದ್ದು, ಅರೆನಿಮಿಷ ಏಳಲಾರದೆ ಹೋಗುತ್ತಿದ್ದಳು. ನಾವೆಲ್ಲ ನಾಟಕ ಅಂದೆವು. ಬರಬರುತ್ತಾ ಅವಳು ನಗುವುದನ್ನೇ ಬಿಟ್ಟಳು. ನೋಡಿ, ಬೈದರೆ ಸರಿಹೋಗುತ್ತಾಳೆ ಅಂದುಕೊಂಡೆವು.

“ಊಟ ಬಲ್ಲವ್ನಿಗೆ ರೋಗ ಇಲ್ಲ ಅಂತಾರೆ. ಇವ್ಳಿಗೆ ಊಟಾನೇ ರೋಗ” ಎನ್ನುತ್ತಿದ್ದಳು ಅಮ್ಮ.

ಸಂಜೆ ಹಸು ಕರೆಯುವುದು ಸುಮಲತಳ ಕೆಲಸವಾಗಿತ್ತು. ಆ ವರ್ಷ ದೀಪಾವಳಿಯ ಹೊತ್ತಿಗೆ ಸಂಜೆಯ ಹಾಲು ಒಂದು ಲೀಟರ್ ಕಡಿಮೆ ಬರತೊಡಗಿತು. ನಾಲ್ಕರ ಮೇಲೆ ಇದ್ದ ಫ್ಯಾಟು ಮೂರಕ್ಕಿಂತ ಕೆಳಗಿಳಿಯಿತು. ಡೈರಿ ಸೆಕ್ರೆಟರಿ ಸಾಲಿನಲ್ಲಿ ನಿಂತಿದ್ದವರೆಲ್ಲರ ಎದುರಿಗೆ ನಮ್ಮ ಕ್ಯಾನನ್ನು ವಾಪಸ್ ಕೊಟ್ಟ.

“ನೀರು ಬೆರ್ಸಿಲ್ಲ ಕದಿರಪ್ಪ, ಅದು ನಂಗೊತ್ತು. ಮನೇಲಿ ಯಾರೋ ಕಡೆ ಆಲು ಕುಡೀತಾವ್ರೆ.”

ಹಸು ಸಾಕಿದವರಿಗೆಲ್ಲ ತಿಳಿದ ವಿಷಯ. ಕೆಚ್ಚಲಿನಿಂದ ಮೊದಲು ಬರುವ ಹಾಲು ತೆಳು, ಕೊನೆಗೆ ಹಿಂಡಿ ತೆಗೆಯುವುದೇ ಗಟ್ಟಿ ಹಾಲು, ಕೆನೆಯೆಲ್ಲ ಅದರಲ್ಲೇ. ಸಾಲಿನಲ್ಲಿದ್ದ ಯಾರೋ ಹೇಳಿದರಂತೆ: “ಕೊಬ್ಬು ಎಲ್ಲೋಯ್ತು ಅಂತ ಉಡುಕ್ಬೇಕಾ? ಕದಿರಪ್ಪನ ಮನೇಲೇ ಓಡಾಡ್ತೈತಲ್ಲ.”

ಆಗ ನಾನು ಹೆರಿಗೆಗೆ ಬಂದು ತವರಿನಲ್ಲೇ ಇದ್ದೆ. ಅಪ್ಪ ಅದುವರೆಗೆ ಮಕ್ಕಳ ಮೇಲೆ ಕೈಯೆತ್ತಿದವನಲ್ಲ. ಅವತ್ತು ಹಸು ಕಟ್ಟುವ ಹಗ್ಗ ತೆಗೆದುಕೊಂಡ.

“ಕುಡುದ್ಯಾ ಇಲ್ವಾ, ಬಾಯ್ಬುಡು.”

“ಗೊತ್ತಿಲ್ಲಪ್ಪ.”

ಕಳ್ಳರೇ ಹೇಳುವ ಮಾತದು ಅಂದುಕೊಂಡೆ ನಾನು. ಮೂರನೇ ಏಟಿಗೆ ಅವಳು, “ಕುಡ್ದಿರ್ಬೇಕಪ್ಪ” ಅಂದಳು. ನಾನು ಒಲೆಯ ಮುಂದೆ ಕೂತಿದ್ದವಳು, “ಒಪ್ಕೊಂಡ್ಳಲ್ಲ, ಬುಡಪ್ಪ ಸಾಕು” ಅಂದೆ. ಅದನ್ನು ದೊಡ್ಡ ಉಪಕಾರ ಅಂತಲೇ ಎಷ್ಟೋ ವರ್ಷ ನಂಬಿದ್ದೆ.

ಮಾರನೆಯ ದಿನದಿಂದ ಸಂಜೆಯೂ ಅಮ್ಮನೇ ಕರೆದಳು. ಹಾಲು ಮೊದಲಿನಷ್ಟಾಯಿತು, ಫ್ಯಾಟು ನಾಲ್ಕಕ್ಕೆ ಬಂತು. ಇನ್ನು ಯಾವ ಸಾಕ್ಷಿ ಬೇಕಿತ್ತು ನಮಗೆ?

ನಾಲ್ಕು ದಿನ ಕಳೆದ ಮೇಲೆ ಸುಮಲತಳೇ ನನ್ನ ಹತ್ತಿರ ಬಂದಳು. “ಅಕ್ಕ, ನಂಗೇ ಗೊತ್ತಿಲ್ದಂಗೆ ತಿಂತಾ ಇದೀನೇನೋ. ಅಡಿಗೆ ಮನೆಗೆ ಬೀಗ ಆಕ್ಬುಡಿ” ಅಂದಳು. ಬಂಗಾರಪೇಟೆಗೆ ಹೋದಾಗ ಬೀಗ ತಂದವಳು ನಾನು. ಅಮ್ಮ ಅವಳ ಮುದ್ದೆಯನ್ನು ಅರ್ಧ ಮಾಡಿದಳು, ರಾತ್ರಿಯ ಅನ್ನ ನಿಲ್ಲಿಸಿದಳು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಸುಮಲತ ಉತ್ತರದ ಹಾಳೆಯ ಮೇಲೆ ಮಲಗಿಬಿಟ್ಟಳು, ಫೇಲಾದಳು. ಅಲ್ಲಿಗೆ ಓದು ಮುಗಿಯಿತು. ಬೀಗವಿದ್ದರೂ ಮೈ ಇಳಿಯಲಿಲ್ಲ. ಅಕ್ಕಪಕ್ಕದವರು ಕದ್ದು ಕೊಡುತ್ತಿದ್ದಾರೆ ಅಂತ ಅಮ್ಮ ಅವರ ಜೊತೆ ಜಗಳ ಕಾದಳು. ಹೀಗೆ ಆರು ವರ್ಷ.

ಹೋದ ವರ್ಷ ಅವಳು ಊರಿಗಾಂನಲ್ಲಿರುವ ನನ್ನ ಗಂಡನ ಮನೆಗೆ ಬಂದಿದ್ದಳು. ಪಕ್ಕದ ಮನೆಯ ಸುಕನ್ಯ, ತನ್ನ ಗಂಡ ಮಾವನ ಪ್ಯಾಂಟು ಹಾಕಿಕೊಂಡು ಡ್ಯೂಟಿಗೆ ಹೋದ ಕಥೆ ಹೇಳುತ್ತಿದ್ದಳು. ಸುಮಲತ ತಡೆಯಲಾರದೆ ನಕ್ಕಳು. ನಕ್ಕವಳು ನಿಂತಲ್ಲೇ ಕುಸಿದು, ಬಟ್ಟೆ ಒಗೆಯುವ ಕಲ್ಲಿಗೆ ತಲೆ ಬಡಿದುಕೊಂಡಳು. ರಕ್ತ ನಿಲ್ಲಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು.

ಹೊಲಿಗೆ ಹಾಕುತ್ತಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. “ಹೇಗೆ ಬಿದ್ದೆಯಮ್ಮ?” ಅಂತ ಕೇಳಿದರು.

“ನಗು ಬಂತು ಮೇಡಂ.”

ಅವರು ಕೈ ನಿಲ್ಲಿಸಿದರು. ಹಗಲು ನಿದ್ದೆ ಬರುತ್ತದಾ, ಯಾವಾಗಿನಿಂದ, ಮೈ ಯಾವಾಗ ಬಂತು ಅಂತ ಒಂದೊಂದಾಗಿ ಕೇಳಿದರು. ಆರು ವರ್ಷದಲ್ಲಿ ಹೆತ್ತವರು, ಒಡಹುಟ್ಟಿದವಳು, ಮೇಷ್ಟ್ರುಗಳು, ಯಾರೂ ಕೇಳದ ಪ್ರಶ್ನೆಗಳನ್ನು ಅವರು ಐದು ನಿಮಿಷದಲ್ಲಿ ಕೇಳಿ, ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಒಂದು ರಾತ್ರಿ, ಒಂದು ಹಗಲು ತಲೆಗೆ ವೈರು ಅಂಟಿಸಿ ಮಲಗಿಸಿ ನೋಡಿದರು. ಅವಳು ಹೊರಗೆ ಬೆಂಚಿನ ಮೇಲೆ ನಿದ್ದೆ ಹೋಗಿದ್ದಾಗ ಡಾಕ್ಟರು ನನ್ನನ್ನು ಒಳಗೆ ಕರೆದರು. ಕಾಯಿಲೆಯ ಹೆಸರು ನಾರ್ಕೊಲೆಪ್ಸಿ. ನಮ್ಮನ್ನು ಎಚ್ಚರವಾಗಿಡುವ ಒಂದು ರಸ ಮಿದುಳಿನಲ್ಲಿ ಹುಟ್ಟುತ್ತದಂತೆ. ಅದನ್ನು ಹುಟ್ಟಿಸುವ ಕಣಗಳು ಇವಳಲ್ಲಿ ಸತ್ತುಹೋಗಿವೆ.

“ಉಂಡದ್ದನ್ನು ಮೈ ಹೇಗೆ ಖರ್ಚು ಮಾಡಬೇಕು ಅನ್ನುವುದರಲ್ಲೂ ಆ ರಸದ ಕೈವಾಡ ಇದೆಯಮ್ಮ. ಅದಕ್ಕೇ ಈ ಕಾಯಿಲೆ ಶುರುವಾದಾಗ ಎಷ್ಟೋ ಮಕ್ಕಳು ದಿಢೀರಂತ ದಪ್ಪ ಆಗುತ್ತಾರೆ. ಹೆಚ್ಚಿಗೆ ಉಂಡೇ ದಪ್ಪ ಆಗಬೇಕು ಅಂತಿಲ್ಲ.” ಪೂರ್ತಿ ಗುಣವಾಗುವುದಿಲ್ಲ, ನಿದ್ದೆ ತಡೆಯಲು ಮಾತ್ರೆ ಇದೆ ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. “ಕೆಲಸ ಮಾಡುತ್ತಲೇ ನಿದ್ದೆಗೆ ಜಾರುತ್ತಾರೆ. ಸ್ವಲ್ಪ ಹೊತ್ತು ಕೈ ತಾನಾಗಿ ಆಡುತ್ತಿರುತ್ತದೆ, ಆಮೇಲೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಎದ್ದಾಗ ಏನು ಮಾಡಿದೆವು ಅನ್ನುವುದೇ ನೆನಪಿರುವುದಿಲ್ಲ.”

ನಾನೂ ಹಸು ಕರೆದು ಬೆಳೆದವಳು. ಆ ಕುರ್ಚಿಯಲ್ಲೇ ಎಲ್ಲ ತಿಳಿದುಹೋಯಿತು. ಅವಳು ಹಸುವಿನ ಹೊಟ್ಟೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಾಳೆ. ಎಚ್ಚರವಾದಾಗ ಕರೆದು ಮುಗಿಯಿತು ಅಂತ ಎದ್ದು ಬಂದಿದ್ದಾಳೆ. ಕಡೆ ಹಾಲು ಕೆಚ್ಚಲಲ್ಲೇ ಉಳಿದಿದೆ. ಆಮೇಲೆ ಬಿಟ್ಟ ಕರು ಅದನ್ನು ಕುಡಿದಿದೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತಾರೆ. ನಾವು ಕಣ್ಣಲ್ಲೂ ಕಂಡಿರಲಿಲ್ಲ.

ಬಂಗಾರಪೇಟೆಯವರೆಗೆ ರೈಲಿನಲ್ಲಿ ಅವಳು ನನ್ನ ಭುಜದ ಮೇಲೆ ಮಲಗಿದ್ದಳು. ಅವಳಿಗೆ ಇದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ತವರು ತಲುಪಿದ ಮೇಲೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ.

“ಅದಕ್ಕೇ ಆ ವರ್ಸದ ಕರ ಅಷ್ಟು ಚೆನ್ನಾಗ್ ಬೆಳ್ದಿತ್ತು” ಅಂದ ಅಪ್ಪ. ಕರು ನೆನಪಾಯಿತು ಅವನಿಗೆ.

ಅಮ್ಮ ಎದ್ದು ಬಾಗಿಲು ಮುಂದೆ ಮಾಡಿ ನನ್ನ ಕಡೆ ತಿರುಗಿದಳು. “ಆಗೋದ್ ಆಗೋಯ್ತು ಸುಮಿತಾ. ಈ ಮಾತು ವಸ್ಲು ದಾಟ್ಬಾರ್ದು. ತಿಂಡಿಪೋತಿ ಅಂದ್ರೆ ಅನ್ಲಿ, ಎಂಗೋ ಯಾರೋ ಕಟ್ಕೋತಾರೆ. ತಲೆ ಕಾಯ್ಲೆ ಅಂದ್ರೆ ನಾಯೀನೂ ಮೂಸಲ್ಲ.”

“ಕಳ್ಳಿ ಅಂತ ಒಡುದ್ರಲ್ಲಮ್ಮ, ಅದನ್ನ ಊರೆಲ್ಲ ಸಾರುದ್ರಲ್ಲ!” ಅಂತ ನಾನು ಕೂಗಿದೆ. ಕೂಗುವ ಹಕ್ಕು ನನಗೂ ಇರಲಿಲ್ಲ.

ತಿರುಗಿ ನೋಡಿದರೆ ಸುಮಲತ ಕೊಟ್ಟಿಗೆಯ ಕಡೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ಅಂಗಾದ್ರೆ ನಾನು ಕುಡೀಲಿಲ್ವಾ ಅಕ್ಕ?”

“ಒಂದು ಗುಟುಕೂ ಇಲ್ಲ ಕಣೆ.”

“ಅನ್ನಾನೂ ಕದೀಲಿಲ್ವಾ?”

“ಇಲ್ಲ.”

ಅವಳು ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕುಳಿತಳು. ನಗುವೋ ಅಳುವೋ ಬರುವ ಮುಂಚೆ ಕೂತುಬಿಡುವುದನ್ನು ಯಾರೂ ಹೇಳಿಕೊಡದೆ ಕಲಿತಿದ್ದಳು. ಕೂತಲ್ಲಿಂದಲೇ ಕೇಳಿದಳು:

“ಆರು ವರ್ಸ ರಾತ್ರಿಯೆಲ್ಲ ಒಟ್ಟೆ ಅಸೀತಿತ್ತಲ್ಲಕ್ಕ, ನಾನು ದುರಾಸೆ ಅಂದ್ಕೊಂಡು ಸುಮ್ನಿರ್ತಿದ್ದೆ. ಅದು ನಿಜವಾದ ಅಸಿವೇನಾ?”

ನಾನು ಹೂಂ ಅಂದೆ.