ಸೊಲ್ಲೆಂಟುನಾದಲ್ಲಿ ಆಷಾಢ

ಈಗಿನ ಮಕ್ಕಳಿಗೆ ಕಾರು ಎಂದರೆ ಕೂತ ಕೂಡಲೇ ತಣ್ಣಗಾಗುವ, ದಾರಿಯನ್ನೂ ತಾನೇ ಹೇಳುವ ವಸ್ತು. ನಾನು ಹೇಳುತ್ತಿರುವ ಕಾಲದಲ್ಲಿ ನಮ್ಮ ಮನೆಯ ಕಾರು ಕಾಯಿಲೆ ಬಿದ್ದು ಬಂದು ಉಳಿದುಕೊಂಡ ನೆಂಟರ ಹಾಗಿತ್ತು. ಬೆಳಿಗ್ಗೆ ಎದ್ದರೆ ಮೊದಲು ಅದರ ವಿಚಾರಣೆ. ಕೆಮ್ಮಿತಾ, ಸೋರಿತಾ, ಇವತ್ತು ಏಳುತ್ತಾ ಇಲ್ಲವಾ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಸ್ಟಾಕ್‌ಹೋಮಿನ ಪಕ್ಕದ ಸೊಲ್ಲೆಂಟುನಾದಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ, ಅಪ್ಪನಿಗೆ ಹತ್ತಿರದಲ್ಲೇ ಸಾಫ್ಟ್‌ವೇರ್ ಕೆಲಸ. ನನಗಾಗ ಹತ್ತು ವರ್ಷ.

ಆ ಕೆಂಪು ಕಾರನ್ನು ಪುಣೆಗೆ ವಾಪಸ್ ಹೊರಟಿದ್ದ ಅಪ್ಪನ ಸಹೋದ್ಯೋಗಿಯೊಬ್ಬರು ಕೊಟ್ಟು ಹೋಗಿದ್ದರು. ಕೊಟ್ಟವರು ಹಾಯಾಗಿ ವಿಮಾನ ಹತ್ತಿದರು, ಕಷ್ಟ ನಮಗೆ ಬಂತು. ಅಪ್ಪ ಇಂಜಿನಿಯರು ನಿಜ, ಆದರೆ ಕಂಪ್ಯೂಟರಿನ ಇಂಜಿನಿಯರು. ಬಾನೆಟ್ ಎತ್ತಿದರೆ ಅವರಿಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ. ಆದರೂ ಎತ್ತುತ್ತಿದ್ದರು, ಸೊಂಟಕ್ಕೆ ಕೈ ಕೊಟ್ಟು ನಿಂತು "ಹ್ಞೂಂ" ಎನ್ನುತ್ತಿದ್ದರು. ಚಳಿಗಾಲದಲ್ಲಿ ಒಮ್ಮೆ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿದೆ ಎಂದು ಅಡುಗೆಮನೆಯಿಂದ ಚೊಂಬಿನಲ್ಲಿ ನೀರು ಒಯ್ದು ಸುರಿದರು. ತಿಪಟೂರಿನಲ್ಲಿ ತಾತ ಜೀಪಿಗೆ ಹಾಗೇ ಸುರಿಯುತ್ತಿದ್ದರಂತೆ. ಇಲ್ಲಿ ಅದಕ್ಕೆ ಗ್ಲೈಕೋಲ್ ಎಂಬ ಹಸಿರು ದ್ರಾವಣ ಬೆರೆಸದಿದ್ದರೆ ನೀರು ಒಳಗೇ ಗಡ್ಡೆ ಕಟ್ಟಿ ರೇಡಿಯೇಟರು ಬಿರಿಯುತ್ತದೆ ಎಂದು ಅವರಿಗೆ ಯಾರು ಹೇಳಬೇಕು. ಬಿರಿಯಿತು. ಅಂದಿನಿಂದ ಕಾರಿನ ಕೆಳಗೆ ಸದಾ ಒಂದು ಒದ್ದೆ ಗುರುತು ಇರುತ್ತಿತ್ತು. ವಸಂತದಲ್ಲಿ ಹಿಮ ಕರಗಿ ಎಲ್ಲರ ಕಾರಿನ ಕೆಳಗೂ ಒದ್ದೆಯಾದ್ದರಿಂದ ನಮ್ಮ ಮಾನ ಸ್ವಲ್ಪ ದಿನ ಉಳಿಯಿತು.

ಆ ಕಾರು ಅಮ್ಮನಿಗೆ ಏನಾಗಿತ್ತು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಮ್ಮ ಹಾಸನದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದವರು. ಸ್ವೀಡನ್ನಿಗೆ ಬಂದ ಮೇಲೆ ಮೂರು ವರ್ಷ ಮನೆಯಲ್ಲೇ ಇದ್ದರು. ಬೆಳಿಗ್ಗೆ ನಾನೂ ಅಪ್ಪನೂ ಹೊರಟರೆ ಸಂಜೆಯವರೆಗೆ ಮಾತನಾಡಲು ಒಂದು ಜೀವವಿಲ್ಲ. "ಕಿಟಕಿ ನೋಡ್ತಾ ಕೂತಿದ್ದೆ ಕಣೆ" ಎನ್ನುತ್ತಿದ್ದರು, ಇವತ್ತು ಏನು ಮಾಡಿದೆ ಎಂದು ಕೇಳಿದರೆ. ಆಮೇಲೆ ಕೊಮ್ಯೂನ್ ಎಂಬ ಅಲ್ಲಿನ ಪುರಸಭೆ ನಡೆಸುವ ತರಗತಿಗೆ ಹೋಗಿ ಸ್ವೀಡಿಷ್ ಕಲಿತರು. ಊರಿನ ಲೈಸೆನ್ಸು ಇಲ್ಲಿ ಒಂದು ವರ್ಷದ ಮೇಲೆ ನಡೆಯುವುದಿಲ್ಲವಾದ್ದರಿಂದ ಮತ್ತೆ ಮೊದಲಿನಿಂದ ಡ್ರೈವಿಂಗ್ ಕಲಿತರು. ಥಿಯರಿ, ಜಾರುವ ನೆಲದ ಮೇಲೆ ಓಡಿಸುವ ಪಾಠ, ಕೊನೆಗೆ ಹಿಮ ಬೀಳುತ್ತಿದ್ದ ಒಂದು ಬೆಳಿಗ್ಗೆ ಪರೀಕ್ಷೆ. ಅಪ್ಪ ಅದೇ ಪರೀಕ್ಷೆಯಲ್ಲಿ ಫೇಲಾಗಿ ಎರಡನೇ ಸಲ ಪಾಸಾದವರು. ಅಮ್ಮ ಮೊದಲನೇ ಸಲಕ್ಕೇ ಪಾಸಾಗಿ ಬಂದು, ಏನೂ ಆಗಿಲ್ಲವೆಂಬಂತೆ ಕುಕ್ಕರ್ ಇಟ್ಟರು. ಅಪ್ಪನ ಮುಖ ನೋಡಬೇಕಿತ್ತು.

ಮೇ ತಿಂಗಳ ಕೊನೆಗೆ ಅಮ್ಮನಿಗೆ ಕೆಲಸ ಸಿಕ್ಕಿತು. ಬೇಸಿಗೆ ರಜೆಗೆ ಎಲ್ಲರೂ ಹೋಗುವಾಗ ಅವರ ಜಾಗದಲ್ಲಿ ನಿಲ್ಲುವ ವಿಕರಿಯೆಟ್ ಕೆಲಸ, ಉತ್ತರಕ್ಕೆ ಹೊಲ, ಕಾಡು ದಾಟಿ ಇದ್ದ ಒಂದು ವೃದ್ಧರ ಮನೆಯಲ್ಲಿ. ಅಲ್ಲಿನ ಮೇಲ್ವಿಚಾರಕಿ ಲೇನಾ ಅನ್ನುವವರು, ಬೇಸಿಗೆಯನ್ನು ಚೆನ್ನಾಗಿ ದಾಟಿಸಿದರೆ ಸೆಪ್ಟೆಂಬರಿನಿಂದ ಖಾಯಂ ಮಾಡುತ್ತೇನೆ ಎಂದಿದ್ದರು. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಬೇಸಿಗೆಯ ವೇಳಾಪಟ್ಟಿಯಲ್ಲಿ ಮೊದಲ ಬಸ್ಸು ಮುಟ್ಟುವುದೇ ಎಂಟರ ಮೇಲೆ, ಶನಿವಾರ ಭಾನುವಾರ ಬಸ್ಸೇ ಇಲ್ಲ. ಹಾಗಾಗಿ ಕಾರು ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಆ ಮೂರು ನಾಲ್ಕು ವಾರದ ಬೆಳಗುಗಳು ನನಗೆ ಚೆನ್ನಾಗಿ ನೆನಪಿವೆ. ಅಮ್ಮ ನನ್ನನ್ನು ಶಾಲೆಯ ಫ್ರಿತಿಡ್ಸ್‌ನಲ್ಲಿ, ಅಂದರೆ ರಜೆಯಲ್ಲೂ ಮಕ್ಕಳನ್ನು ನೋಡಿಕೊಳ್ಳುವಲ್ಲಿ, ಬಿಟ್ಟು ಮುಂದೆ ಹೋಗುತ್ತಿದ್ದರು. ಕಾರಿನ ತುಂಬ ಪುಳಿಯೋಗರೆ ಡಬ್ಬಿಯ ವಾಸನೆ, ಕಿಟಕಿ ಇಳಿಸಿದರೆ ಲೈಲಾಕ್ ಹೂವಿನ ವಾಸನೆ. ಅಮ್ಮ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಅಡ್ಡ ಬಂದ ಲಾರಿಯವನನ್ನು ಹಾಸನದ ಕನ್ನಡದಲ್ಲಿ ಬೈಯುತ್ತಿದ್ದರು. ಸಂಜೆ ಬಂದರೆ ಬರೀ ಅಲ್ಲಿಯ ಕತೆ. ಗುನ್ನಾರ್ ಎಂಬ ಮುದುಕರೊಬ್ಬರು ದಿನಾ ಹೊಸದಾಗಿ ಕೈ ಕುಲುಕಿ ಪರಿಚಯ ಮಾಡಿಕೊಳ್ಳುತ್ತಾರಂತೆ, ಅಮ್ಮನೂ ದಿನಾ ಹೊಸದಾಗಿ ಹೆಸರು ಹೇಳುತ್ತಾರಂತೆ. ಅಷ್ಟು ಮಾತಾಡುವ ಅಮ್ಮನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಜೂನ್ ಕೊನೆಯ ಮಿಡ್‌ಸೊಮ್ಮರ್ ಹಬ್ಬದ ವಾರ ಕಾರು ಹೋಯಿತು. ಕೆಲಸದಿಂದ ಬರುವಾಗ ಬಿಳಿ ಹೊಗೆ ಕಾರಿ ದಾರಿಯಲ್ಲಿ ನಿಂತಿತು, ಎಳೆದುಕೊಂಡು ಬಂದರು. ನಮ್ಮ ಮಾಮೂಲಿ ಮೆಕ್ಯಾನಿಕ್ ಬಗ್ಗಿ ನೋಡಿ, ಕೈ ಒರೆಸಿಕೊಂಡು, ಇಂಜಿನ್ನೇ ಬಿಸಿಗೆ ಬಾಗಿದೆ ಎಂದರು. ಸರಿ ಮಾಡಬಹುದಾ ಎಂದು ಅಪ್ಪ ಕೇಳಿದರು.

"ಮಾಡಬಹುದು. ಆಗಸ್ಟಿನಲ್ಲಿ ಬನ್ನಿ."

ಜುಲೈ ಎಂದರೆ ಆ ದೇಶ ಬಾಗಿಲು ಹಾಕುತ್ತದೆ. ಮೆಕ್ಯಾನಿಕ್ ದೋಣಿ ತೆಗೆದುಕೊಂಡು ಹೊರಟಿದ್ದರು. ಬೇರೆ ಗ್ಯಾರೇಜುಗಳಿಗೆ ಫೋನ್ ಮಾಡಿದರೆ ಎಲ್ಲ ಕಡೆ ರೆಕಾರ್ಡು ಮಾಡಿಟ್ಟ ದನಿ, ಒಳ್ಳೆಯ ಬೇಸಿಗೆಯನ್ನು ಹಾರೈಸುತ್ತಿತ್ತು. ಬಾಡಿಗೆ ಕಾರುಗಳು ರಜೆಗೆ ಹೋಗುವವರ ಪಾಲಾಗಿದ್ದವು. ನಮ್ಮ ಕನ್ನಡದ ಸ್ನೇಹಿತರೆಲ್ಲ ಊರಿಗೆ ಹೋಗಿದ್ದರು. ಉಳಿದ ದಾರಿ ಒಂದೇ, ಬೇರೆ ಕಾರು ಕೊಳ್ಳುವುದು.

ಅದೂ ತಾನಾಗಿಯೇ ಮನೆ ಬಾಗಿಲಿಗೆ ಬಂತು. ಕೆಳಗಿನ ಮನೆಯ ಬಿರ್ಗಿತ್ತಾ ಎಂಬ ಅಜ್ಜಿಗೆ ಕಣ್ಣು ಮಂಜಾಗಿ, ಡಾಕ್ಟರು ಡ್ರೈವಿಂಗ್ ಬೇಡ ಎಂದಿದ್ದರು. ಅವರದೊಂದು ನೀಲಿ ಸಣ್ಣ ಕಾರು, ಗ್ಯಾರೇಜಿನಲ್ಲಿಟ್ಟು ಮಗುವಿನ ಹಾಗೆ ಸಾಕಿದ್ದು. ಒಂದು ಸಂಜೆ ದಾಲ್ಚಿನ್ನಿ ಬನ್ನು ಹಿಡಿದುಕೊಂಡು ಮೇಲೆ ಬಂದರು. "ನೀನು ಕಾರು ನಿಲ್ಲಿಸೋದನ್ನ ಕಿಟಕಿಯಿಂದ ನೋಡಿದ್ದೀನಿ. ನಿನಗೆ ಕೊಡೋಣ ಅನ್ನಿಸ್ತು" ಎಂದು ಅಮ್ಮನಿಗೆ ಹೇಳಿದರು. ಶನಿವಾರ ಬೇಸಿಗೆಮನೆಗೆ ಹೊರಡುವವರು, ಅಷ್ಟರೊಳಗೆ ಹೇಳಿದರೆ ಸಾಕು, ಇಲ್ಲದಿದ್ದರೆ ಅಕ್ಕನ ಮಗ ಒಯ್ಯುತ್ತಾನೆ ಎಂದರು. ಅಮ್ಮ ಕಾಫಿ ಬಗ್ಗಿಸುತ್ತಿದ್ದರು, ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತು.

ಅವರು ಹೋದ ಮೇಲೆ ಅಪ್ಪ ಎದ್ದು ಗೋಡೆಯ ಮೇಲಿದ್ದ ಬೆಂಗಳೂರಿನ ಕ್ಯಾಲೆಂಡರು ನೋಡಿದರು. ಅಮಾವಾಸ್ಯೆ ಎರಡು ದಿನದ ಹಿಂದೆ ಕಳೆದಿತ್ತು. ಆಷಾಢ ಹುಟ್ಟಿತ್ತು.

ಆಷಾಢದಲ್ಲಿ ಗಾಡಿ ಕೊಳ್ಳಬಾರದು ಎಂಬುದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶೋರೂಮಿನವರು ಎಷ್ಟು ಕೂಗಿದರೂ ಆ ತಿಂಗಳು ಯಾರೂ ಒಳಗೆ ಕಾಲಿಡುವುದಿಲ್ಲ. ಆದರೆ ನಮ್ಮಪ್ಪ ಶಾಸ್ತ್ರದವರಲ್ಲ. ಜನಿವಾರ ಎಲ್ಲಿದೆ ಎಂದು ಹುಡುಕಬೇಕು ಅಂಥವರು. ಇದೊಂದರಲ್ಲಿ ಮಾತ್ರ ಅವರ ಕಾಲು ಹಿಂದಕ್ಕೆ ಬರುತ್ತಿತ್ತು, ಅದಕ್ಕೆ ಕಾರಣವಿತ್ತು. ಅವರ ತಮ್ಮ, ನಾನು ಫೋಟೋದಲ್ಲಷ್ಟೇ ನೋಡಿದ ಚಿಕ್ಕಪ್ಪ, ಆಷಾಢದಲ್ಲಿ ಹಟ ಹಿಡಿದು ಬೈಕ್ ಕೊಂಡಿದ್ದ. ಮೂಢನಂಬಿಕೆ ಬಿಡಮ್ಮ ಎಂದು ಅಜ್ಜಿಯನ್ನು ಒಪ್ಪಿಸಿದ್ದು ಅಪ್ಪನೇ. ಶ್ರಾವಣ ಬರುವಷ್ಟರಲ್ಲಿ ಚಿಕ್ಕಪ್ಪ ಇರಲಿಲ್ಲ.

ಊರಿಗೆ, ಅಜ್ಜಿಗೆ ಫೋನ್ ಹೋಯಿತು. ಸ್ಪೀಕರಿನಲ್ಲಿ ಅವರ ದನಿ ನಮಗೆಲ್ಲ ಕೇಳುತ್ತಿತ್ತು. ಬೈಯಲಿಲ್ಲ, ಅಳಲೂ ಇಲ್ಲ.

"ನಿಂಗೆ ತೋಚ್ದಂಗೆ ಮಾಡಪ್ಪ. ನಾನು ಒಂದ್ಸಲ ಹೂಂ ಅಂದಿದೀನಿ. ಇನ್ನೊಂದ್ಸಲ ನನ್ನ ಬಾಯಲ್ಲಿ ಬರಲ್ಲ."

ಫೋನಿಟ್ಟು ಅಪ್ಪ ಅಮ್ಮನ ಕಡೆ ನೋಡಿದರು. "ಒಂದು ತಿಂಗಳು ಅಷ್ಟೇ ಕಣೆ. ಶ್ರಾವಣ ಬಂದ ತಕ್ಷಣ ತಗೊಳೋಣ. ಇದಕ್ಕಿಂತ ಒಳ್ಳೇದು."

"ಒಂದು ತಿಂಗಳು ನಾನು ಹೇಗೆ ಹೋಗಲಿ?"

"ಏನಾದ್ರೂ ಮಾಡೋಣ. ಓಡಿಸೋಳು ನೀನು. ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?"

ಅದಕ್ಕೆ ಅಮ್ಮ ಏನು ಹೇಳಬಹುದಿತ್ತು? ಸಿಟ್ಟಿನಲ್ಲಿ ಹೇಳಿದ ಮಾತಾಗಿದ್ದರೆ ತಿರುಗಿ ಜಗಳವಾಡಬಹುದಿತ್ತು. ಇದು ಹೆದರಿದವರ ಮಾತು. ಅಮ್ಮ ತಟ್ಟೆಯಲ್ಲಿ ಚೆಲ್ಲಿದ ಕಾಫಿ ಒರೆಸಿ, ಬನ್ನುಗಳನ್ನು ಡಬ್ಬಿಗೆ ಹಾಕಿದರು. ಮಾರನೆಯ ದಿನ ತಾವೇ ಕೆಳಗೆ ಹೋಗಿ ಬಿರ್ಗಿತ್ತಾಗೆ ವಿಷಯ ಬಿಡಿಸಿ ಹೇಳಿದರು. ನಾನೂ ಜೊತೆಗಿದ್ದೆ. ಮೈದುನನ ಕತೆಯನ್ನೂ ಹೇಳಿದರು. ಬಿರ್ಗಿತ್ತಾ ಪೂರ್ತಿ ಕೇಳಿ, ಅಮ್ಮನ ಕೈ ಹಿಡಿದುಕೊಂಡು "ಅರ್ಥವಾಗುತ್ತೆ" ಎಂದರು. ಶನಿವಾರ ಅಕ್ಕನ ಮಗ ಬಂದು ನೀಲಿ ಕಾರು ತೆಗೆದುಕೊಂಡು ಹೋದ. ಅಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು.

ಆಮೇಲೆ ಅಪ್ಪನ ಸೈಕಲ್ಲೇ ಗತಿ. ಹಾಸನದಲ್ಲಿ ಲೇಡೀಸ್ ಸೈಕಲ್ ತುಳಿದಿದ್ದ ಅಮ್ಮ, ಆ ಎತ್ತರದ ಸೈಕಲ್ಲಿನಲ್ಲಿ ನಸುಕಿಗೇ ಹೊರಡುತ್ತಿದ್ದರು. ಅಪ್ಪ ದಿನಾ ಗಾಳಿ ಹೊಡೆದು, ಚೈನಿಗೆ ಎಣ್ಣೆ ಬಿಟ್ಟು ಇಡುತ್ತಿದ್ದರು. ಭಾನುವಾರ ತಾವೂ ಯಾರದೋ ಸೈಕಲ್ ಕೇಳಿ ತಂದು ಜೊತೆಗೆ ಹೋಗುತ್ತಿದ್ದರು. ಊರ ಮೇಲೆ ಬಿಸಿಲಿತ್ತು, ಎಲ್ಲರ ಕೈಯಲ್ಲೂ ಸ್ಟ್ರಾಬೆರಿ ಬುಟ್ಟಿ. ನಾನೂ ಎದುರು ಮನೆಯ ಎಲಿನ್ನೂ ಪಾರ್ಕಿಂಗಿನಲ್ಲಿ ನಿಂತ ಕೆಂಪು ಕಾರಿನಲ್ಲಿ ಕೂತು ಬಸ್ಸಿನಾಟ ಆಡುತ್ತಿದ್ದೆವು. ನಾನು ಡ್ರೈವರು, ಅವಳು ಟಿಕೆಟ್ ಕೊಡುವವಳು. ಬಿಸಿಲಿಗೆ ಕಾದ ಸೀಟಿನ ಆ ವಾಸನೆ ಈಗಲೂ ಮೂಗಿನಲ್ಲಿದೆ.

ಮಳೆ ಬಂದ ಒಂದು ದಿನ ಅಮ್ಮ ತಡವಾಗಿ ಮುಟ್ಟಿದರು. ಇನ್ನೊಂದು ದಿನ ಕಾಡಿನ ದಾರಿಯಲ್ಲಿ ಟಯರು ಪಂಕ್ಚರಾಗಿ, ತಳ್ಳಿಕೊಂಡೇ ಹೋದರು. ಅಷ್ಟು ಹೊತ್ತೂ ಗುನ್ನಾರ್ ಹಾಸಿಗೆಯಿಂದ ಏಳಿಸುವವರಿಲ್ಲದೆ ಕಾಯುತ್ತಿದ್ದರಂತೆ, ಒದ್ದೆಯಲ್ಲೇ. ಲೇನಾ ಬೈಯಲಿಲ್ಲ. ಅಲ್ಲಿ ಯಾರೂ ಬೈಯುವುದಿಲ್ಲ, ಅದೇ ಕಷ್ಟ. ಫೀಕಾಗೆ, ಅಂದರೆ ಕಾಫಿ ವಿರಾಮಕ್ಕೆ, ಕೂರಿಸಿ, ತಾವೇ ಕಾಫಿ ಬಗ್ಗಿಸಿ, ನಿಮ್ಮ ಕೆಲಸ ನಮಗೆಲ್ಲ ಇಷ್ಟ, ಆದರೆ ಬೆಳಗಿನ ಹೊತ್ತು ನಂಬಬಹುದಾದವರು ಬೇಕು ಎಂದರಂತೆ. ಬೇರೊಬ್ಬಳು ಸಿಕ್ಕಿದ್ದಾಳೆ, ಹತ್ತಿರದವಳೇ ಎಂದರಂತೆ. ಅಮ್ಮ ಮನೆಗೆ ಬಂದು ಅನ್ನಕ್ಕಿಟ್ಟು ಇದನ್ನೆಲ್ಲ ಹೇಳಿದರು, ಒಂದೇ ದನಿಯಲ್ಲಿ.

"ಅವ್ರು ಹೇಳಿದ್ದು ಸರಿಯಾಗೇ ಇದೆ. ನಾನಾಗಿದ್ರೂ ಹಾಗೇ ಮಾಡ್ತಿದ್ದೆ" ಎಂದರು. ಆಷಾಢ ಮುಗಿಯಲು ಇನ್ನೂ ಒಂದು ವಾರವಿತ್ತು.

ಶ್ರಾವಣ ಬಂತು, ಕಾರೂ ಬಂತು. ಅಪ್ಪ ಆ ತಿಂಗಳಿಡೀ ಇಂಟರ್ನೆಟ್ಟಿನಲ್ಲಿ ಕೂತು ಹುಡುಕಿದ್ದರು. ಬೂದು ಬಣ್ಣದ್ದು, ಗಟ್ಟಿಯಾದದ್ದು, ಸೀಟುಗಳೂ ಬೆಚ್ಚಗಾಗುವಂಥದು. ಒಂದು ಕುಂದು ಹೇಳುವಂತಿರಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ದಿನ ಪಾರ್ಕಿಂಗಿನಲ್ಲೇ ಪೂಜೆಯಾಯಿತು. ಬಾನೆಟ್ಟಿಗೆ ಅರಿಶಿನ ಕುಂಕುಮ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು. ಎಲಿನ್ ಕಣ್ಣು ಬಿಟ್ಟು ನೋಡುತ್ತಿದ್ದಳು. ಅಪ್ಪ ಕೀಲಿಕೈಯನ್ನು ತಟ್ಟೆಯಲ್ಲಿಟ್ಟು ಅಮ್ಮನ ಮುಂದೆ ಹಿಡಿದರು. ಅವರ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ, ಈಗ ನೆನೆದರೂ ನನಗೆ ಸಂಕಟವಾಗುತ್ತದೆ.

"ತಗೋ. ಮೊದಲು ನೀನೇ ಓಡಿಸು."

"ಎಲ್ಲಿಗೆ ಹೋಗ್ಲಿ?" ಎಂದರು ಅಮ್ಮ.

ಅದರಲ್ಲಿ ಸಿಟ್ಟು, ಕೊಂಕು ಏನೂ ಇರಲಿಲ್ಲ. ನಿಜವಾಗಿ ಕೇಳುತ್ತಿದ್ದರು. ಅಪ್ಪ ಕೀಲಿಕೈ ಎತ್ತಿಕೊಂಡು, ಹಾಲು ಮುಗಿದಿದೆಯಲ್ಲ, ತರೋಣ ಎಂದು ತಾವೇ ಡ್ರೈವರ್ ಸೀಟಿಗೆ ಹೋದರು. ಅಮ್ಮ ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಂಡರು. ನಿಂಬೆಹಣ್ಣು ಚಪ್ಪಟೆಯಾದ ಸದ್ದು ಕೇಳಿತು.

ಚಳಿಗಾಲಕ್ಕೆ ಅಪ್ಪ ಒಂದೆರಡು ಸಲ ಬೇರೆ ಕೆಲಸ ನೋಡು ಎಂದರು. ನೋಡೋಣ ಎಂದರು ಅಮ್ಮ. ಸ್ವೀಡಿಷ್ ತರಗತಿಯ ಪುಸ್ತಕಗಳು ಹಳೇ ಪೇಪರಿನ ಜೊತೆ ಹೋದವು. ನಾನು ಶಾಲೆಯಿಂದ ಬಂದು ಸ್ವೀಡಿಷಿನಲ್ಲಿ ಏನಾದರೂ ಹೇಳಿದರೆ ಮೊದಲಿನ ಹಾಗೆ ಅದರಲ್ಲೇ ತಿರುಗಿ ಕೀಟಲೆ ಮಾಡುತ್ತಿರಲಿಲ್ಲ. ಎರಡು ವರ್ಷದ ಮೇಲೆ ಆ ಬೂದು ಕಾರನ್ನೂ ಯಾರಿಗೋ ಕೊಟ್ಟು ನಾವು ಮೈಸೂರಿಗೆ ಬಂದೆವು.

ನನಗೆ ಇವತ್ತಿಗೂ ಸಿಟ್ಟಿದೆ, ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ. ಮಗನನ್ನು ಕಳೆದುಕೊಂಡ ಅಜ್ಜಿಯ ಮೇಲಾ? ತಮ್ಮನನ್ನು ಕಳೆದುಕೊಂಡ ಅಪ್ಪನ ಮೇಲಾ? ಒದ್ದೆಯಲ್ಲಿ ಕಾಯುತ್ತಿದ್ದ ಗುನ್ನಾರ್ ಮೇಲಾ? ಕಿಟಕಿ ಇಳಿಸಿಕೊಂಡು ಲಾರಿಯವನನ್ನು ಬೈಯುತ್ತಿದ್ದ ಆ ಹೆಂಗಸನ್ನು ಅಪ್ಪ ನೋಡಿಯೇ ಇಲ್ಲ, ಅಷ್ಟು ಹೊತ್ತಿಗೆ ಅವರು ಆಫೀಸಿಗೆ ತಯಾರಾಗುತ್ತಿದ್ದರು. ನೋಡಿದವಳು ನಾನೊಬ್ಬಳೇ.

ಹೋದ ತಿಂಗಳು ಅಮ್ಮನ ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಪಕ್ಕದ ಮನೆಯ ಹೊಸ ಸೊಸೆ ಡ್ರೈವಿಂಗ್ ಕ್ಲಾಸಿಗೆ ಸೇರಿದ್ದಾಳಂತೆ, ಕ್ಲಚ್ಚು ಬಿಡುವಾಗ ಕಾಲು ನಡುಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದಳು. "ನಿಮಗೆ ಬರುತ್ತಾ ಆಂಟಿ?" ಎಂದು ಕೇಳಿದಳು.

"ಅಯ್ಯೋ, ನಂಗೆಲ್ಲಿ ಬರುತ್ತಮ್ಮ. ಅದನ್ನೆಲ್ಲ ನಾನು ಯಾವತ್ತೂ ಕಲೀಲೇ ಇಲ್ಲ" ಎಂದರು ಅಮ್ಮ.

ನಾನು ಅವರ ಮುಖ ನೋಡಿದೆ. ಸುಳ್ಳು ಹೇಳುವಾಗ ಅಮ್ಮನ ಮುಖ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಅವರು ಸುಳ್ಳು ಹೇಳುತ್ತಿರಲಿಲ್ಲ.